ಸೀಟಿನ ಹಿಂದೆ ಅಡಗಿರುವ ಕೆಂಪು ಸಿಲಿಂಡರ್: ಸಾರಿಗೆ ಇಲಾಖೆಗೂ ಕೊಡಗಿನ ಲಾರಿಯವರಿಗೂ ಒಂದು ಬಹಿರಂಗ ಪತ್ರ

ಸಾರಿಗೆ ಇಲಾಖೆಯ ಮಾನ್ಯ ಅಧಿಕಾರಿಗಳಿಗೆ, ಮೋಟಾರು ವಾಹನ ನಿರೀಕ್ಷಕರಿಗೆ, ಕೊಡಗಿನ ಲಾರಿ ಮಾಲೀಕರಿಗೆ ಮತ್ತು ಡ್ರೈವರ್ ಅಣ್ಣಂದಿರಿಗೆ,

ನಮಸ್ಕಾರ.

ನನ್ನ ಕೋರಿಕೆ ಒಂದೇ. ಮೊದಲೇ ಹೇಳಿಬಿಡುತ್ತೇನೆ. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್ ಪರೀಕ್ಷೆಗೆ) ಬಂದ ಲಾರಿಯಲ್ಲಿ ಬೆಂಕಿ ಆರಿಸುವ ಫೈರ್ ಸಿಲಿಂಡರ್ ಇದೆಯಾ ಅಂತ ಕೇಳಬೇಡಿ. ತೆಗೆದು ತೋರಿಸು ಅನ್ನಿ. ಡ್ರೈವರ್ ಬೆಲ್ಟ್ ಹಾಕಿಕೊಂಡು ಸೀಟಿನಲ್ಲಿ ಕೂತಿರಲಿ. ನೀವು ಕೆಳಗೆ ನಿಂತು ವಾಚ್ ನೋಡಿ. ಹತ್ತು ಸೆಕೆಂಡಿನೊಳಗೆ ಸಿಲಿಂಡರ್ ಕೈಯಲ್ಲಿ ಹಿಡಿದು ನೆಲಕ್ಕೆ ಇಳಿದರೆ ಪಾಸ್. ಇಳಿಯದಿದ್ದರೆ, ಸಿಲಿಂಡರ್ ಎಷ್ಟೇ ಹೊಸದಿರಲಿ, ಬಿಲ್ ಎಷ್ಟೇ ಸರಿಯಿರಲಿ, ಸರಿಯಾದ ಜಾಗದಲ್ಲಿ ಕೂರಿಸಿಕೊಂಡು ಬಾ ಅಂತ ಕಳಿಸಿ.

ನಾನು ಕುಶಾಲನಗರದಲ್ಲಿ ಲಾರಿಗಳ ವೈರಿಂಗ್ ಕೆಲಸ ಮಾಡಿಕೊಂಡಿರುವವನು. ಬೆಳಗಾದರೆ ಯಾರದ್ದಾದರೂ ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಮಲಗಿರುತ್ತೇನೆ. ತೋಟದಿಂದ ಸಿಪ್ಪೆ ಸುಲಿದು ಹದ ಮಾಡುವ ಕ್ಯೂರಿಂಗ್‌ಗೆ ಕಾಫಿ ಮೂಟೆ ಹೊರುವ ಲಾರಿ, ಸಿಲ್ವರ್ ಓಕ್ ದಿಮ್ಮಿ ಹೇರುವ ಲಾರಿ, ಶುಂಠಿ ಲೋಡು, ಜಲ್ಲಿ ಟಿಪ್ಪರ್, ಎಲ್ಲವೂ ಬರುತ್ತವೆ. ಕ್ಯಾಬಿನ್ ಒಳಗೆ ಯಾವುದು ಎಲ್ಲಿದೆ ಅನ್ನುವುದು ಎಷ್ಟೋ ಸಲ ಮಾಲೀಕರಿಗಿಂತ ನಮ್ಮಂಥವರಿಗೇ ಜಾಸ್ತಿ ಗೊತ್ತಿರುತ್ತದೆ.

ಮೊನ್ನೆ ಒಂದು ಲಾರಿ ಬಂತು. ಹಾರ್ನ್ ಹೊಡೆಯುತ್ತಿರಲಿಲ್ಲ. ವೈರ್ ಹುಡುಕಿಕೊಂಡು ಸೀಟಿನ ಹಿಂದಿನ ಸಾಮಾನು ಒಂದೊಂದಾಗಿ ಇಳಿಸಿದೆ. ಮೊದಲು ಎರಡು ಕಂಬಳಿ. ಆಮೇಲೆ ಟಾರ್ಪಾಲ್ ಕಟ್ಟುವ ಹಗ್ಗದ ಸುರುಳಿ, ಜಾಕಿ ರಾಡು, ಅಕ್ಕಿ ಡಬ್ಬ, ಚಿಕ್ಕ ಗ್ಯಾಸ್ ಸ್ಟೌ. ಅವೆಲ್ಲದರ ಕೆಳಗೆ, ಮೂಲೆಯ ಕಂಬಿಗೆ ಕಟ್ಟಿದ್ದ ಸಿಲಿಂಡರ್. ಹಳೇ ಟ್ಯೂಬ್ ಕತ್ತರಿಸಿದ ರಬ್ಬರ್ ಪಟ್ಟಿಯಲ್ಲಿ ಎಷ್ಟು ಬಿಗಿಯಾಗಿ ಸುತ್ತಿದ್ದರೆಂದರೆ ಬ್ಲೇಡ್ ಹಾಕದೆ ಬಿಚ್ಚಲಿಲ್ಲ. ಅಂಗಡಿಯ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಗೋಡೆಗೆ ತೂಗುಹಾಕುವ ಕೊಕ್ಕೆ ಕವರಿನೊಳಗೇ ಇತ್ತು. ಡ್ರೈವರ್ ಹೆಮ್ಮೆಯಿಂದಲೇ ಹೇಳಿದ: "ಎಫ್‌ಸಿಗೆ ತಗೊಂಡಿದ್ದು ಅಣ್ಣ. ಯಾರೂ ಎತ್ತಿಕೊಂಡು ಹೋಗಬಾರದು ಅಂತ ಭದ್ರವಾಗಿ ಇಟ್ಟಿದ್ದೀನಿ."

ಅವನನ್ನು ಬೈಯುವ ಹಾಗಿಲ್ಲ. ಲಾರಿಯಿಂದ ಸಾಮಾನು ಕಳುವಾಗುವುದು ಸುಳ್ಳಲ್ಲ. ಕಾಗದಪತ್ರ, ಫಸ್ಟ್ ಏಡ್ ಬಾಕ್ಸ್, ಸಿಲಿಂಡರ್ ಇವೆಲ್ಲ ಎಫ್‌ಸಿ ಸಾಮಾನು ಅನ್ನುವ ಲೆಕ್ಕದಲ್ಲಿ ಸೇರಿಹೋಗಿವೆ. ಎಂಟು ವರ್ಷದೊಳಗಿನ ಲಾರಿಗೆ ಎಫ್‌ಸಿ ಬರುವುದು 2 ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ನಡುವಿನ ದಿನಗಳಲ್ಲಿ ಆ ಸಿಲಿಂಡರ್ ಮುಖ ಯಾರು ನೋಡುತ್ತಾರೆ ಹೇಳಿ?

ಕ್ಯಾಬಿನ್‌ಗೆ ಬೆಂಕಿ ಹೇಗೆ ಬರುತ್ತದೆ ಅನ್ನುವುದನ್ನು ಸ್ವಲ್ಪ ಹೇಳಬೇಕು. ಇದು ನನ್ನ ಕಸುಬಿನ ವಿಷಯ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಲಾರಿಯಲ್ಲಿ ಎರಡು 12 ವೋಲ್ಟ್ ಬ್ಯಾಟರಿ ಸೇರಿಸಿ 24 ವೋಲ್ಟ್ ಮಾಡಿರುತ್ತಾರೆ. 24 ವೋಲ್ಟ್ ಅಂದರೆ ಕೈಗೆ ಶಾಕ್ ಹೊಡೆಯುವುದಿಲ್ಲ. ಅದಕ್ಕೇ ಎಲ್ಲರಿಗೂ ಅದರ ಮೇಲೆ ಸಲಿಗೆ. ಆದರೆ ಆ ಬ್ಯಾಟರಿ ಶಾರ್ಟ್ ಆದಾಗ ನೂರಾರು ಆಂಪಿಯರ್ ಕರೆಂಟ್ ಹರಿಸುತ್ತದೆ. ಸಣ್ಣ ವೈರ್ ಇದ್ದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಕಂಪನಿ ಹಾಕಿಕೊಟ್ಟ ವೈರಿಂಗ್‌ನಲ್ಲಿ ತೊಂದರೆ ಕಡಿಮೆ. ತೊಂದರೆ ಇರುವುದು ಆಮೇಲೆ ಸೇರಿಸಿದ್ದರಲ್ಲಿ. ಬಣ್ಣದ ಲೈಟು, ಪ್ರೆಶರ್ ಹಾರ್ನು, ಮ್ಯೂಸಿಕ್ ಸಿಸ್ಟಂ, ಫ್ಯಾನು, ಮೊಬೈಲ್ ಚಾರ್ಜರ್, ದೇವರ ಫೋಟೋ ಸುತ್ತ ಮಿಣಮಿಣ ಬಲ್ಬು. ಎಲ್ಲದಕ್ಕೂ ಒಂದೇ ವೈರಿನಿಂದ ಕರೆಂಟ್. ಫ್ಯೂಸ್ ಹೋಯಿತೆಂದರೆ ಆ ಜಾಗಕ್ಕೆ ತಾಮ್ರದ ಎಳೆ, ಇಲ್ಲವೇ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ. ಅಲ್ಲಿಗೆ ಫ್ಯೂಸ್ ಹಾಕಿದ ಉದ್ದೇಶವೇ ಮುಗಿಯಿತು. ಇನ್ನು ಮುಂದೆ ಕರಗಬೇಕಾದ್ದು ಫ್ಯೂಸ್ ಅಲ್ಲ, ವೈರು.

ವೈರ್ ಕರಗುವುದು ಎಲ್ಲಿ? ರೆಕ್ಸಿನ್ ಹಿಂದೆ, ಸ್ಪಂಜಿನ ಪಕ್ಕ, ಪ್ಲೈವುಡ್ ಮೇಲೆ. ಬಾಡಿ ಕಟ್ಟುವವರು ಮಾಡಿಕೊಟ್ಟ ಹಳೇ ಕ್ಯಾಬಿನ್‌ಗಳಲ್ಲಿ ಮರವೇ ಜಾಸ್ತಿ. ಜೊತೆಗೆ ಪರದೆ, ಹಾಸಿಗೆ, ತಲೆದಿಂಬು. ಡ್ಯಾಶ್‌ಬೋರ್ಡ್ ಮೇಲೆ ಊದುಬತ್ತಿ. ಇಂಜಿನ್ ಕಡೆಯಿಂದ ಬರುವ ಬೆಂಕಿಯೂ ಇದೆ. ಸವೆದ ಪೈಪಿನಿಂದ ಡೀಸೆಲ್ ಚಿಮ್ಮಿ ಇಂಜಿನ್ನಿನ ಕಾದ ಟರ್ಬೋ ಮೇಲೆ ಬಿದ್ದರೆ ಸಾಕು. 2020ರ ಏಪ್ರಿಲ್‌ನಿಂದ ಬಂದ, ಹೊಗೆ ಕಡಿಮೆ ಮಾಡುವ ಬಿಎಸ್6 ನಿಯಮದ ಲಾರಿಗಳಲ್ಲಿ ಹೊಗೆ ಸೋಸುವ ಫಿಲ್ಟರ್ ತನ್ನೊಳಗಿನ ಮಸಿ ಸುಡುವಾಗ 600 ಡಿಗ್ರಿ ಆಸುಪಾಸು ಕಾಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ತೋಟದೊಳಗೆ ಒಣಗಿದ ತರಗೆಲೆ ಮೇಲೆ ಲಾರಿ ನಿಲ್ಲಿಸುವವರು ಇದನ್ನು ನೆನಪಿಡಬೇಕು.

ಘಾಟಿ ಇಳಿಯುವವರಿಗೆ ಬ್ರೇಕ್ ಲೈನರ್ ಸುಟ್ಟ ವಾಸನೆ ಹೊಸದೇನಲ್ಲ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಮದೆನಾಡು, ಜೋಡುಪಾಲ, ದೇವರಕೊಲ್ಲಿ, ಕೊಯನಾಡು ದಾಟಿ ಸಂಪಾಜೆ ಮುಟ್ಟುವಷ್ಟರಲ್ಲಿ ಸುಮಾರು ಸಾವಿರ ಮೀಟರ್ ಇಳಿದಿರುತ್ತೇವೆ. ವಿರಾಜಪೇಟೆಯಿಂದ ಮಾಕುಟ್ಟದ ಕಡೆಗೂ, ಭಾಗಮಂಡಲದಿಂದ ಕರಿಕೆ ಕಡೆಗೂ ಇಂಥದ್ದೇ ಇಳಿಜಾರು. ಲೋಡ್ ಲಾರಿ ಗೇರಿನಲ್ಲಿ ಇಳಿಯದೆ ಬ್ರೇಕಿನಲ್ಲೇ ಇಳಿದರೆ ಡ್ರಮ್ ಕಾಯುತ್ತದೆ, ಡ್ರಮ್ ಕಾದರೆ ಟೈರು. ಅಲ್ಲಿ ಬೆಂಕಿ ಕಂಡರೆ ಫೈರ್ ಎಂಜಿನ್‌ಗೆ ಫೋನ್ ಮಾಡೋಣ ಅಂದರೆ ಕೆಲವು ತಿರುವುಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಸಿಕ್ಕರೂ, ಮೇಲಿಂದಾಗಲಿ ಕೆಳಗಿಂದಾಗಲಿ ಗಾಡಿ ಘಾಟಿ ಹತ್ತಿಯೋ ಇಳಿದೋ ಬರಬೇಕು. ನಿಂತ ಲಾರಿಯ ಹಿಂದೆ ಅಷ್ಟು ಹೊತ್ತಿಗೆ ಒಂದು ಮೈಲಿ ವಾಹನ ನಿಂತಿರುತ್ತವೆ. ಅಗ್ನಿಶಾಮಕದವರನ್ನು ದೂರಿ ಏನು ಪ್ರಯೋಜನ? ಕ್ಯಾಬಿನ್ ಬೆಂಕಿಯ ಹಣೆಬರಹ ನಿರ್ಧಾರವಾಗುವುದು ಮೊದಲ ಒಂದೆರಡು ನಿಮಿಷದಲ್ಲಿ. ಆಗ ಅಲ್ಲಿರುವವನು ಡ್ರೈವರ್ ಒಬ್ಬನೇ.

ನಮ್ಮಲ್ಲಿಗೆ ಬರುವ ಒಬ್ಬ ಡ್ರೈವರ್‌ಗೆ ಈ ಘಾಟಿಯಲ್ಲೇ ಆದದ್ದು ಕೇಳಿ. ಡ್ಯಾಶ್‌ಬೋರ್ಡ್ ಕೆಳಗಿನಿಂದ ಹೊಗೆ ಬಂತು. ಗಾಡಿ ಬದಿಗೆ ಹಾಕಿ, ಕೀ ತೆಗೆದು, ಸೀಟಿನ ಹಿಂದೆ ಕೈ ಹಾಕಿದ. ಸಿಲಿಂಡರ್ ಇದೆ ಅಂತ ಗೊತ್ತು, ಎಲ್ಲಿದೆ ಅಂತಲೂ ಗೊತ್ತು. ಆದರೆ ಹೊಗೆ ಮೊದಲು ತುಂಬಿಕೊಂಡದ್ದು ಸೀಟಿನ ಹಿಂದಿನ ಆ ಮಲಗುವ ಜಾಗವನ್ನೇ. ಉಸಿರು ಕಟ್ಟಿ ಕೆಳಗೆ ಹಾರಿದ. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರ್ ತನ್ನ ಸೀಟಿನ ಪಕ್ಕದ ಸಿಲಿಂಡರ್ ಕಿತ್ತುಕೊಂಡು ಓಡಿ ಬಂದು ಹೊಡೆದ. ಲಾರಿ ಉಳಿಯಿತು. ಆಮೇಲೆ ಆ ವೈರಿಂಗ್ ಬಿಚ್ಚಿದವನು ನಾನು. ಹೆಬ್ಬೆರಳು ದಪ್ಪದ ವೈರ್ ಕಟ್ಟು ಕರಗಿ ಒಂದೇ ಕರಿ ಮುದ್ದೆಯಾಗಿತ್ತು. ಅದರ ಮೇಲಿನ ರೆಕ್ಸಿನ್ ಸುರುಟಿಕೊಂಡಿತ್ತು. ಸೀಟಿನ ಹಿಂದಿದ್ದ ಆ ಲಾರಿಯದ್ದೇ ಸಿಲಿಂಡರ್ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಪಿನ್ನಿನ ಸೀಲ್ ಕೂಡ ಒಡೆದಿರಲಿಲ್ಲ.

ಬಸ್ಸಿನಲ್ಲಿ ಅದು ಕೈಗೆ ಸಿಗುವ ಹಾಗೆ ಇದ್ದದ್ದು ಸುಮ್ನೆ ಅಲ್ಲ. ಬಸ್ಸುಗಳ ಬೆಂಕಿಯಿಂದ ನಾವು ಬಹಳ ಜನರನ್ನು ಕಳೆದುಕೊಂಡಿದ್ದೇವೆ. 2013ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಹೈದರಾಬಾದ್‌ಗೆ ಹೊರಟ ಬಸ್ಸು ಮಹಬೂಬ್‌ನಗರದ ಬಳಿ ಸುಟ್ಟು 45 ಜನ ಸತ್ತರು. 2022ರಲ್ಲಿ ಕೇಂದ್ರ ಸರ್ಕಾರ ದೂರ ಓಡುವ ಬಸ್ಸಿಗೂ ಶಾಲಾ ಬಸ್ಸಿಗೂ ಪ್ರಯಾಣಿಕರ ಭಾಗದಲ್ಲಿ ಬೆಂಕಿ ಎಚ್ಚರಿಕೆ ಮತ್ತು ರಕ್ಷಣೆಯ ವ್ಯವಸ್ಥೆ ತರುವ ಆದೇಶ ಹೊರಡಿಸಿತು. ಪೆಟ್ರೋಲ್ ಟ್ಯಾಂಕರ್‌ಗೆ ಸಿಲಿಂಡರ್ ವಿಷಯದಲ್ಲಿ ಬಿಗಿ ನಿಯಮ ಮೊದಲಿನಿಂದಲೂ ಇದೆ. ಲಾರಿ ಡ್ರೈವರ್‌ನ ಸೆಕೆ ಕೂಡ ಸರ್ಕಾರದ ಗಮನಕ್ಕೆ ಬಂತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಆಯಿತು. ಒಳ್ಳೆಯದೇ. ಆದರೆ ಎಸಿ ಅಂದರೆ ಇನ್ನಷ್ಟು ವೈರಿಂಗ್, ಮುಚ್ಚಿದ ಗಾಜು. ಹೊಗೆ ಬಂದರೆ ಹೊರಗೆ ಹೋಗುವುದು ನಿಧಾನ. ಸಿಲಿಂಡರ್ ಎಲ್ಲಿರಬೇಕು ಅನ್ನುವ ಮಾತು ಈಗ ಇನ್ನೂ ಮುಖ್ಯ.

ಅಮೆರಿಕದಲ್ಲಿ ಲಾರಿಗಳ ಸಿಲಿಂಡರ್ ಬಗ್ಗೆ ಇರುವ ನಿಯಮ ಚಿಕ್ಕದು, ಸರಳ. ಸಿಲಿಂಡರ್ ಜಾರಬಾರದು, ಉರುಳಬಾರದು, ಮೇಲೆ ಕೆಳಗೆ ಕುಣಿಯಬಾರದು. ಸುಲಭವಾಗಿ ಕೈಗೆ ಸಿಗಬೇಕು. ತುಂಬಿದೆಯೋ ಇಲ್ಲವೋ ನೋಡಿದ ಕೂಡಲೇ ಗೊತ್ತಾಗಬೇಕು. ಯುರೋಪಿನಲ್ಲಿ ಅಪಾಯದ ಸರಕು ಸಾಗಿಸುವ ಲಾರಿಗಳಿಗೆ ಇಂಜಿನ್ ಮತ್ತು ಕ್ಯಾಬಿನ್ ಬೆಂಕಿಗೆಂದೇ ಕನಿಷ್ಠ 2 ಕೆಜಿ ಪುಡಿ ಸಿಲಿಂಡರ್ ಬೇರೆಯಾಗಿ ಇರಬೇಕು. ಅವರ ನಿಯಮ ನಮಗೆ ಅನ್ವಯಿಸುವುದಿಲ್ಲ ಅಂತ ಗೊತ್ತು. ಆದರೆ "ಉರುಳಬಾರದು" ಅನ್ನುವ ಆ ಒಂದು ಮಾತು ನಮ್ಮ ಘಾಟಿಗೇ ಬರೆದ ಹಾಗಿದೆ ಅಲ್ವಾ?

ಯಾಕೆ ಅಂದರೆ, 2 ಕೆಜಿ ಪುಡಿಯ ಸಿಲಿಂಡರ್ ಅಂದರೆ ಡಬ್ಬ ಸೇರಿ ಮೂರೂವರೆ ಕೆಜಿ ಆಸುಪಾಸು ಕಬ್ಬಿಣ. ಅದನ್ನು ಸುಮ್ನೆ ಸೀಟಿನ ಕೆಳಗೆ ತಳ್ಳಿಟ್ಟರೆ ಇಳಿಜಾರಿನಲ್ಲಿ ಮುಂದಕ್ಕೆ ಉರುಳುತ್ತದೆ. ಮುಂದೆ ಇರುವುದು ಏನು? ಬ್ರೇಕ್ ಪೆಡಲ್. ಅದರ ಕೆಳಗೆ ಹೋಗಿ ಸಿಕ್ಕಿಕೊಂಡರೆ ಪೆಡಲ್ ಒತ್ತಿದರೂ ಇಳಿಯುವುದಿಲ್ಲ. ಬೆಂಕಿಗೆ ಅಂತ ಇಟ್ಟದ್ದು ಬ್ರೇಕನ್ನೇ ತಿಂದುಹಾಕುತ್ತದೆ. ತಲೆಯ ಮೇಲಿನ ಬರ್ತಿನಲ್ಲಿ ಇಟ್ಟರೆ ಜೋರು ಬ್ರೇಕಿಗೆ ಹಾರಿ ಬಂದು ಬೀಳುವುದು ಡ್ರೈವರ್‌ನ ತಲೆಗೋ ಮುಂದಿನ ಗಾಜಿಗೋ.

ಹಾಗಾದರೆ ಎಲ್ಲಿ ಕೂರಿಸಬೇಕು? ನನ್ನ ಮಾತು ಇಷ್ಟೇ. ಡ್ರೈವರ್ ಬಾಗಿಲು ತೆರೆದು ಕೆಳಗೆ ನೆಲದ ಮೇಲೆ ನಿಂತಾಗ ಕೈ ಚಾಚಿದರೆ ಸಿಗಬೇಕು. ಕೂತಾಗಲೂ ಸಿಗಬೇಕು, ಇಳಿದ ಮೇಲೂ ಸಿಗಬೇಕು. ಇಳಿದ ಮೇಲೆ ಸಿಗುವುದೇ ಜಾಸ್ತಿ ಮುಖ್ಯ. ಬೆಂಕಿ ಬಿದ್ದ ಕ್ಯಾಬಿನ್ ಒಳಗೆ ಮತ್ತೆ ತಲೆ ಹಾಕುವ ಹಾಗೆ ಆಗಬಾರದು. ಹೆಚ್ಚಿನ ಲಾರಿಗಳಲ್ಲಿ ಡ್ರೈವರ್ ಸೀಟಿನ ಬುಡಕ್ಕೂ ಬಲಬಾಗಿಲಿಗೂ ನಡುವೆ ಜಾಗ ಇರುತ್ತದೆ. ಅಲ್ಲಿ ಇಕ್ಕಟ್ಟಾದರೆ ಸೀಟಿನ ಹಿಂದೆ, ಬಾಗಿಲಿನ ಕಂಬದ ಬುಡದಲ್ಲಿ, ಕೆಳಮಟ್ಟದಲ್ಲಿ. ಇಂಜಿನ್ ಮೇಲಿನ ಮುಚ್ಚಳದ ಮೇಲೆ ಬೇಡ, ಬೆಂಕಿ ಏಳುವ ಜಾಗವೇ ಅದು. ಡ್ಯಾಶ್‌ಬೋರ್ಡ್ ಮೇಲೆ ಬೇಡ, ಮಂಗಳೂರಿನ ಬಿಸಿಲಿಗೆ ಗಾಜಿನ ಹಿಂದೆ ಕಾದು ಕೂತಿರುತ್ತದೆ.

ಕ್ಲೀನರ್ ಬದಿಗೆ ಹಾಕೋಣ, ಅಲ್ಲಿ ಜಾಗ ಜಾಸ್ತಿ ಇದೆ ಅಂತ ಕೆಲವರು ಹೇಳುತ್ತಾರೆ. ಘಾಟಿಯಲ್ಲಿ ಗಾಡಿ ಎಡಕ್ಕೆ ಒತ್ತಿ ನಿಲ್ಲಿಸಿದರೆ ಎಡಬಾಗಿಲು ತೆರೆಯುವುದು ಬರೆಗೆ, ಚರಂಡಿಗೆ, ಇಲ್ಲವೇ ಕಣಿವೆಗೆ. ಅಲ್ಲದೆ ಈಗ ಎಷ್ಟು ಲಾರಿಯಲ್ಲಿ ಕ್ಲೀನರ್ ಇದ್ದಾರೆ? ಡ್ರೈವರ್ ಒಬ್ಬನೇ ಹೋಗಿ ಬರುವುದು ಮಾಮೂಲಾಗಿದೆ.

ಕೂರಿಸುವ ಕೆಲಸ ದೊಡ್ಡದೇನಲ್ಲ, ಆದರೆ ಅಸಡ್ಡೆ ಮಾಡಬಾರದು. ಡಬ್ಬದ ಜೊತೆ ಬರುವ ಕೊಕ್ಕೆ ಅಂಗಡಿ ಗೋಡೆಗೆ ಮಾಡಿದ್ದು. ಲಾರಿ ಗುಂಡಿಗೆ ಬಿದ್ದರೆ ಸಿಲಿಂಡರ್ ಅದರಿಂದ ಮೇಲಕ್ಕೆ ಹಾರಿ ಕಳಚಿಕೊಳ್ಳುತ್ತದೆ. ವಾಹನಕ್ಕೆಂದೇ ಸಿಗುವ ಕಬ್ಬಿಣದ ಬ್ರಾಕೆಟ್ ತನ್ನಿ. ತಳಕ್ಕೆ ಆಸರೆ ಇರಬೇಕು. ಸುತ್ತ ಒಂದೋ ಎರಡೋ ಪಟ್ಟಿ, ಅದಕ್ಕೆ ಒಂದೇ ಕೈಯಲ್ಲಿ ಎಳೆದರೆ ಬಿಚ್ಚುವ ಕ್ಲಿಪ್. ಪ್ಲಾಸ್ಟಿಕ್ ಬ್ರಾಕೆಟ್ ಕಾರಿಗೆ ಸಾಕು, ಲಾರಿಯ ಅದುರಾಟಕ್ಕೆ ಆಗುವುದಿಲ್ಲ.

ತೂತು ಕೊರೆಯುವ ಮೊದಲು ಆ ತಗಡಿನ ಹಿಂದೆ ಏನಿದೆ ಅಂತ ನೋಡಿ. ದಯವಿಟ್ಟು ನೋಡಿ. ವೈರ್ ಕಟ್ಟು, ಬ್ರೇಕಿನ ಗಾಳಿ ಪೈಪು, ಡೀಸೆಲ್ ಪೈಪು, ಕ್ಯಾಬಿನ್ ಎತ್ತುವ ಆಯಿಲ್ ಪೈಪು ಇವೆಲ್ಲ ಆ ಕಡೆಯೇ ಓಡಾಡಿಕೊಂಡಿರುತ್ತವೆ. ಬೆಂಕಿ ಆರಿಸುವ ಸಾಮಾನಿಗೆ ಹಾಕಿದ ಸ್ಕ್ರೂ ವೈರಿನ ಮೈ ಕೊರೆದು ಅದರಿಂದಲೇ ಶಾರ್ಟ್ ಆದರೆ ಯಾರಿಗೆ ಹೇಳುವುದು? ತಗಡಿಗೆ ಬರೀ ಸ್ಕ್ರೂ ಹೊಡೆದರೆ ನಾಲ್ಕು ದಿನದ ಅದುರಾಟಕ್ಕೆ ತೂತು ಅಗಲವಾಗುತ್ತದೆ. 8 ಎಂಎಂ ಬೋಲ್ಟ್ ಹಾಕಿ. ಹಿಂದೆ ಒಂದು ಪಟ್ಟಿ ಪ್ಲೇಟು ಕೊಡಿ, ಇಲ್ಲವೇ ದೊಡ್ಡ ವಾಷರ್. ಸಡಿಲವಾಗದ ನೈಲಾನ್ ನಟ್ಟು. ಸೀಟ್ ಬೆಲ್ಟಿನ ಬೋಲ್ಟ್ ಮಾತ್ರ ಮುಟ್ಟಬೇಡಿ. ಅದಕ್ಕೇ ಸೇರಿಸಿ ಬಿಗಿದರೆ ಸುಲಭ ಅನ್ನಿಸುತ್ತದೆ, ಆದರೆ ಅದರ ಕೆಲಸವೇ ಬೇರೆ. ಕೊರೆದ ತೂತಿನ ಅಂಚಿಗೆ ಪೇಂಟ್ ಹಚ್ಚಿ. ನಮ್ಮೂರಿನ ಮಳೆಗೆ ಒಂದೇ ಸೀಸನ್‌ನಲ್ಲಿ ತುಕ್ಕು ತೂತಿನಿಂದ ಹೊರಟು ಅಂಗೈ ಅಗಲ ಆಗುತ್ತದೆ. ವೆಲ್ಡಿಂಗ್ ಬೇಡವೇ ಬೇಡ. ಈಗಿನ ಲಾರಿಗಳ ಎಲೆಕ್ಟ್ರಾನಿಕ್ ಸಾಮಾನು ವೆಲ್ಡಿಂಗ್ ಕರೆಂಟಿಗೆ ಹೋಗಿಬಿಡಬಹುದು. ಇನ್ನು ಸಿಲಿಂಡರ್ ಒಳಗೇ ಇಟ್ಟುಕೊಂಡು ಬ್ರಾಕೆಟ್‌ಗೆ ವೆಲ್ಡ್ ಮಾಡುವ ಧೈರ್ಯವಂತರೂ ಇದ್ದಾರೆ. ಅವರಿಗೆ ಕೈಮುಗಿಯುತ್ತೇನೆ.

ಸಿಲಿಂಡರ್ ನೆಟ್ಟಗೆ ನಿಲ್ಲಿಸಿ, ಒಳಗಿನ ಒತ್ತಡ ತೋರಿಸುವ ಮೀಟರ್ ಮುಳ್ಳು ಹೊರಗೆ ಕಾಣುವ ಹಾಗೆ. ಒಳಗಿನ ಕೊಳವೆ ತಳದಿಂದ ಪುಡಿಯನ್ನು ಮೇಲಕ್ಕೆ ತರುತ್ತದೆ. ಅದಕ್ಕೇ ಹೊಡೆಯುವಾಗಲೂ ನೆಟ್ಟಗೇ ಹಿಡಿಯಬೇಕು.

ಯಾವ ಸಿಲಿಂಡರ್ ಅಂತ ಕೇಳುವವರಿಗೆ: ಐಎಸ್‌ಐ ಗುರುತಿರುವ ಎಬಿಸಿ ಪುಡಿಯದ್ದು. ಬಟ್ಟೆ, ಮರ, ಡೀಸೆಲ್, ಗ್ಯಾಸ್ ಎಲ್ಲಕ್ಕೂ ಆಗುತ್ತದೆ. ಪುಡಿಯಲ್ಲಿ ಕರೆಂಟ್ ಹರಿಯದ ಕಾರಣ ವೈರಿಂಗ್ ಬೆಂಕಿಗೂ ಹೊಡೆಯಬಹುದು. 1 ಕೆಜಿ ಕಾರಿಗೆ ಸರಿ, ಲಾರಿಗೆ 2 ಕೆಜಿಗಿಂತ ಕಡಿಮೆ ಬೇಡ. ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಭಾರ, ಮುಚ್ಚಿದ ಕ್ಯಾಬಿನ್‌ನಲ್ಲಿ ಹೊಡೆದರೆ ಉಸಿರಿಗೇ ಕುತ್ತು. ದುಡ್ಡಿನ ಮಾತಿಗೆ ಬಂದರೆ, ಲಾರಿಯ ಒಂದು ಟೈರಿನ ಬೆಲೆಗೆ ಇಂಥ ಎಷ್ಟೋ ಸಿಲಿಂಡರ್ ಬರುತ್ತವೆ. ಮಾಲೀಕರು ಇದಕ್ಕೆ ಲೆಕ್ಕ ಹಾಕುತ್ತಾ ಕೂರಬಾರದು.

ಕೂರಿಸಿದ ಮೇಲೆ ಮರೆತುಬಿಡುವ ಹಾಗಿಲ್ಲ, ಅದೂ ಕೊಡಗಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಸಿಲಿಂಡರ್‌ನ ಪಿನ್ನು ತುಕ್ಕು ಹಿಡಿದು ತೂತಿನಲ್ಲೇ ಕಚ್ಚಿಕೊಂಡರೆ ಎಳೆದರೂ ಬರುವುದಿಲ್ಲ. ತಳದ ಅಂಚಿನಲ್ಲಿ ನೀರು ನಿಂತು ಪೇಂಟ್ ಏಳುತ್ತದೆ. ಲಾರಿಯ ಅದುರಾಟಕ್ಕೆ ಒಳಗಿನ ಪುಡಿ ತಳದಲ್ಲಿ ಗಟ್ಟಿಯಾಗಿ ಕೂರುವುದೂ ಉಂಟು. ತಿಂಗಳಿಗೊಮ್ಮೆ ಬಿಚ್ಚಿ ತಲೆಕೆಳಗು ಮಾಡಿ ಅಲ್ಲಾಡಿಸಿ. ಒಳಗೆ ಪುಡಿ ಸರಿದಾಡುವುದು ಕೈಗೆ ಗೊತ್ತಾಗಬೇಕು. ಮುಳ್ಳು ಹಸಿರಿನಲ್ಲಿ ಇರಬೇಕು. ನಾಜಲ್ ಒಳಗೂ ಒಮ್ಮೆ ಇಣುಕಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಲಾರಿಗಳಲ್ಲಿ ಕಣಜ ನಾಜಲಿನ ತೂತಿಗೆ ಮಣ್ಣು ತುಂಬಿ ಗೂಡು ಕಟ್ಟಿದ್ದನ್ನು ನಾನೇ ಕಡ್ಡಿ ಹಾಕಿ ತೆಗೆದಿದ್ದೇನೆ. ಮುಳ್ಳು ಹಸಿರಿನಲ್ಲೇ ಇತ್ತು. ಒತ್ತಿದ್ದರೆ ಏನು ಬರುತ್ತಿತ್ತೋ! ಒಮ್ಮೆ ಸ್ವಲ್ಪವೇ ಹೊಡೆದು ನಿಲ್ಲಿಸಿದ ಸಿಲಿಂಡರ್ ಕೂಡ ಮತ್ತೆ ತುಂಬಿಸಲೇಬೇಕು. ವಾಲ್ವಿನಲ್ಲಿ ಪುಡಿ ಸಿಕ್ಕಿಕೊಂಡು ಗಾಳಿ ನಿಧಾನವಾಗಿ ಇಳಿದುಹೋಗುತ್ತದೆ.

ಡ್ರೈವರ್ ಅಣ್ಣಂದಿರಿಗೆ ಈಗ ಎರಡು ಮಾತು. ಹೊಗೆ ಕಂಡರೆ ಗಾಡಿ ನಿಲ್ಲಿಸಿ, ಕೀ ತೆಗೆದು, ಪಾರ್ಕಿಂಗ್ ಬ್ರೇಕ್ ಹಾಕಿ, ಜನರನ್ನು ಇಳಿಸಿ. ಬ್ಯಾಟರಿ ಸ್ವಿಚ್ ಇದ್ದರೆ ಆಫ್ ಮಾಡಿ. ಜೊತೆಗೆ ಇನ್ನೊಬ್ಬರಿದ್ದರೆ ಟೈರಿಗೆ ಕಲ್ಲು ಕೊಡಲಿ. ಪಿನ್ನು ಎಳೆದು, ಗಾಳಿ ಬೆನ್ನಿಗೆ ಬರುವ ಹಾಗೆ ನಿಂತು, ಹೊರಗಿನಿಂದ ಹೊಡೆಯಿರಿ. ಉರಿಯ ತುದಿಗೆ ಅಲ್ಲ, ಬುಡಕ್ಕೆ, ಆ ಕಡೆ ಈ ಕಡೆ ಗುಡಿಸಿದ ಹಾಗೆ. 2 ಕೆಜಿ ಪುಡಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಇಂಜಿನ್ ಕಡೆ ಹೊಗೆ ಬಂದರೆ ಕ್ಯಾಬಿನ್ ಎತ್ತಬೇಡಿ, ಮುಚ್ಚಳ ಪೂರ್ತಿ ತೆರೆಯಬೇಡಿ. ಗಾಳಿ ನುಗ್ಗಿದರೆ ಉರಿ ಮೇಲೇಳುತ್ತದೆ. ಸಂದಿಯಿಂದಲೇ ಹೊಡೆಯಿರಿ. ಟೈರ್ ಬೆಂಕಿಗೆ ಈ ಸಿಲಿಂಡರ್ ಸಾಲುವುದಿಲ್ಲ. ಪುಡಿ ಉರಿ ಆರಿಸುತ್ತದೆ, ರಬ್ಬರಿನ ಬಿಸಿ ಇಳಿಸುವುದಿಲ್ಲ. ಐದು ನಿಮಿಷಕ್ಕೆ ಮತ್ತೆ ಹೊತ್ತಿಕೊಳ್ಳುತ್ತದೆ. ಅಲ್ಲಿ ನೀರೇ ಬೇಕು, ಅದೂ ಬಹಳ. ಉರಿ ಕ್ಯಾಬಿನ್ ಪೂರ್ತಿ ಹಿಡಿದಿದ್ದರೆ, ಲೋಡಿಗೆ ತಗುಲಿದ್ದರೆ, ಸಿಲಿಂಡರ್ ಅಲ್ಲೇ ಬಿಸಾಕಿ ದೂರ ಓಡಿ. ತಿರುವಿನ ಎರಡೂ ಕಡೆ ವಾಹನ ನಿಲ್ಲಿಸಿ. 112ಕ್ಕೆ ಫೋನ್ ಮಾಡಿ. ಲಾರಿಗೆ ಇನ್ಶೂರೆನ್ಸ್ ಇದೆ.

ಇನ್ನು ಅಧಿಕಾರಿಗಳ ಹತ್ತಿರ ಕೇಳುವುದು.

ಹತ್ತು ಸೆಕೆಂಡಿನ ಪರೀಕ್ಷೆಗೆ ಹೊಸ ಕಾನೂನು ಬೇಕಿಲ್ಲ, ಯಂತ್ರ ಬೇಕಿಲ್ಲ. ಮುಂದೆ ಎಫ್‌ಸಿಯನ್ನು ಯಂತ್ರಗಳೇ ನೋಡುವ ಕೇಂದ್ರಗಳು ಜಾಸ್ತಿ ಆಗಲಿವೆ. ಬ್ರೇಕು, ಹೊಗೆ, ಹೆಡ್‌ಲೈಟು ಎಲ್ಲ ಯಂತ್ರ ನೋಡಲಿ. ಡ್ರೈವರ್‌ನ ಕೈ ಸಿಲಿಂಡರ್ ಮುಟ್ಟುತ್ತದಾ ಅಂತ ಮನುಷ್ಯರೇ ನೋಡಬೇಕು. ನಮ್ಮ ಡ್ರೈವರ್‌ಗಳು ಯಾರಿಗೆ ಹೆದರದಿದ್ದರೂ ನಿಮಗೆ, ಅಂದರೆ ಬ್ರೇಕ್ ಇನ್‌ಸ್ಪೆಕ್ಟರ್‌ಗೆ ಹೆದರುತ್ತಾರೆ. ನೀವು ಒಂದು ತಿಂಗಳು ಹೀಗೆ ತೆಗೆಸಿ ನೋಡಿ. ಎರಡನೇ ತಿಂಗಳಿಗೆ ಲಾರಿ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿರುತ್ತದೆ. ಆದರೆ ಒಂದು ವಿನಂತಿ. ಮೊದಲ ಸಲಕ್ಕೆ ದಂಡ ಹಾಕಬೇಡಿ. ದಂಡ ಹಾಕಿದರೆ ಇನ್ನೊಬ್ಬರ ಲಾರಿಯ ಬ್ರಾಕೆಟ್ ಒಂದು ದಿನಕ್ಕೆ ಎರವಲು ಬರುತ್ತದೆ, ಅಷ್ಟೇ. ವಾಪಸ್ ಕಳಿಸಿ, ಸಂಜೆಯೊಳಗೆ ಕೂರಿಸಿಕೊಂಡು ಬರಲಿ. ಒಂದು ಗಂಟೆಯ ಕೆಲಸ.

ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರಿ ವಾಹನಗಳಿಗೆ ನಿರ್ಬಂಧ ಹಾಕುವುದುಂಟು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡವರು ಅದಕ್ಕೆ ಎದುರಾಡುವುದಿಲ್ಲ. ಆ ದಿನಗಳಲ್ಲಿ ಮರದ ಲಾರಿ, ಟಿಪ್ಪರ್‌ಗಳು ನಿಂತೇ ಇರುತ್ತವೆ. ಬ್ರಾಕೆಟ್ ಕೂರಿಸಲು ಅದಕ್ಕಿಂತ ಒಳ್ಳೆ ಕಾಲ ಇಲ್ಲ. ನಿರ್ಬಂಧದ ಆದೇಶದ ಜೊತೆಗೇ ಒಂದು ಸಾಲು ಸೇರಿಸಿ: ರಸ್ತೆಗೆ ಮರಳುವ ಮೊದಲು ಸಿಲಿಂಡರ್ ಬಾಗಿಲ ಪಕ್ಕ ಬಿಗಿದಿರಬೇಕು. ಡಿಸೆಂಬರ್‌ಗೆ ಕಾಫಿ ಲೋಡು ಶುರುವಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಬಾಡಿ ಕಟ್ಟುವವರಿಗೂ ಒಂದು ಮಾತು. ದೇವರ ಫೋಟೋಗೆ ಗೂಡು, ನೀರಿನ ಕ್ಯಾನ್‌ಗೆ ಸ್ಟ್ಯಾಂಡು ಮಾಡಿಕೊಡುತ್ತೀರಿ. ಹಾಗೆಯೇ ಬಲಬಾಗಿಲ ಪಕ್ಕ ಎರಡು ಗಟ್ಟಿ ಬೋಲ್ಟಿನ ಜಾಗ ಬಿಟ್ಟು ಕೊಡಿ. ಆಮೇಲೆ ನಮ್ಮಂಥವರು ಕೊರೆಯುವುದು ತಪ್ಪುತ್ತದೆ. ಸಿಲಿಂಡರ್ ಮಾರುವವರು ಅದರ ಮೇಲೆ ಕನ್ನಡದಲ್ಲಿ, ಸಾಧ್ಯವಾದರೆ ಮಲಯಾಳಂನಲ್ಲೂ ನಾಲ್ಕು ಸಾಲಿನ ಸ್ಟಿಕರ್ ಅಂಟಿಸಲಿ. ಈ ರಸ್ತೆಗಳಲ್ಲಿ ಓಡುವ ಅರ್ಧದಷ್ಟು ಡ್ರೈವರ್‌ಗಳಿಗಾದರೂ ಇಂಗ್ಲಿಷ್ ಲೇಬಲ್ ಉಪಯೋಗಕ್ಕೆ ಬರುವುದಿಲ್ಲ.

ಕೊನೆಯದು ಅಗ್ನಿಶಾಮಕ ಇಲಾಖೆಗೆ. 1944ರಲ್ಲಿ ಬೊಂಬಾಯಿ ಬಂದರಿನಲ್ಲಿ ಹಡಗು ಸಿಡಿದು ಸತ್ತ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ಮಾಡುತ್ತೀರಿ. ಶಾಲೆ, ಆಸ್ಪತ್ರೆಗಳಿಗೆ ಹೋಗಿ ಬೆಂಕಿ ಆರಿಸಿ ತೋರಿಸುತ್ತೀರಿ. ಅದರಲ್ಲಿ ಒಂದು ಬೆಳಿಗ್ಗೆ ಕುಶಾಲನಗರದ ಲಾರಿಯವರಿಗೆ ಕೊಡಿ. ನಮ್ಮ ಡ್ರೈವರ್‌ಗಳಲ್ಲಿ ಹೆಚ್ಚಿನವರು ಜೀವನದಲ್ಲಿ ಒಮ್ಮೆಯೂ ಸಿಲಿಂಡರ್ ಒತ್ತಿ ನೋಡಿಲ್ಲ. ಆ ಸದ್ದಿಗೇ ಬೆಚ್ಚಿ ಬಿಟ್ಟುಬಿಡುತ್ತಾರೆ. ತಾರೀಖು ಮುಗಿದ ಸಿಲಿಂಡರ್‌ಗಳನ್ನು ನಾವು ಎಸೆಯದೆ ಕೂಡಿಡುತ್ತೇವೆ. ನಿಮ್ಮವರು ನೋಡಿ ಯಾವುದನ್ನು ಬಳಸಬಹುದು ಅಂತ ಹೇಳಿದರೆ ಅದರಲ್ಲೇ ಒಬ್ಬೊಬ್ಬರೂ ಒಮ್ಮೆ ಹೊಡೆದು ನೋಡಲಿ. ಬೆಂಕಿಗೆ ಬೇಕಾದ ಹಳೇ ರೆಕ್ಸಿನ್, ಸ್ಪಂಜು ನಮ್ಮ ಶೆಡ್ಡಿನ ಹಿಂದೆ ಬೇಕಾದಷ್ಟಿದೆ. ದಿನ ಯಾವುದಾದರೂ ಪರವಾಗಿಲ್ಲ, ಆದರೆ ಬೆಳಿಗ್ಗೆ ಏಳಕ್ಕೇ ಬನ್ನಿ. ಒಂಬತ್ತು ದಾಟಿದರೆ ಎಲ್ಲರೂ ಲೋಡಿಗೆ ಹೊರಟುಬಿಡುತ್ತಾರೆ.

ಇಂತಿ,
ಲಾರಿ ವೈರಿಂಗ್ ಕೆಲಸದವನೊಬ್ಬ
ಕುಶಾಲನಗರ, ಕೊಡಗು